ಹಾಡು ಚೆನ್ನಾಗಿತ್ತು, ಪಾತ್ರ ಎಲ್ಲಿತ್ತು?

ರಂಗಗೀತೆಗಳ ಕಾರ್ಯಕ್ರಮಗಳು ಈಚಿನ ವರ್ಷಗಳಲ್ಲಿ ನಮ್ಮ ಊರುಗಳಲ್ಲಿ ಆಗಾಗ್ಗೆ ನಡೆಯುತ್ತಿವೆ. ಅಲ್ಲಿ ನಾಟಕವಿರುವುದಿಲ್ಲ, ವೇಷವಿರುವುದಿಲ್ಲ, ಬಣ್ಣದ ಪರದೆಗಳೂ ಇರುವುದಿಲ್ಲ. ಹಳೆಯ ಕಂಪನಿ ನಾಟಕಗಳಿಂದಲೂ, ಆಮೇಲೆ ಬಂದ ಹವ್ಯಾಸಿ ರಂಗಭೂಮಿಯ ನಾಟಕಗಳಿಂದಲೂ ಆಯ್ದ ಹಾಡುಗಳನ್ನು ಒಂದರ ಹಿಂದೊಂದರಂತೆ ಹಾಡುತ್ತಾರೆ. ಕಳೆದ ತಿಂಗಳು ನಮ್ಮ ಜಿಲ್ಲಾ ಕೇಂದ್ರದಲ್ಲಿ ಅಂಥದೊಂದು ಸಂಜೆ ಏರ್ಪಾಡಾಗಿತ್ತು. ನಾಂದಿಯಿಂದ ಮಂಗಳದವರೆಗೆ ಕುಳಿತು ಕೇಳಿದೆ. ಹದಿನಾರು ಹಾಡುಗಳು, ಹನ್ನೆರಡು ಮಂದಿ ಕಲಾವಿದರು. ಮುಗಿದ ಮೇಲೆ ವೇದಿಕೆಯ ಮೇಲಿದ್ದ ಗಣ್ಯರು ಹನ್ನೆರಡು ಮಂದಿಯನ್ನೂ ಒಂದೇ ಮಾತಿನಲ್ಲಿ ಹೊಗಳಿದರು. ಎಲ್ಲರ ಗಾಯನವೂ ಅದ್ಭುತ, ಎಲ್ಲರೂ ಸರಸ್ವತೀಪುತ್ರರು.

ದಶಕಗಳ ಕಾಲ ಉತ್ತರಪತ್ರಿಕೆ ತಿದ್ದಿದ ನನಗೆ ಈ ಬಗೆಯ ಹೊಗಳಿಕೆ ಒಗ್ಗುವುದಿಲ್ಲ. ತರಗತಿಯ ಎಲ್ಲ ಮಕ್ಕಳಿಗೂ ಒಂದೇ ಅಂಕ ಕೊಡುವ ಮೇಷ್ಟ್ರು ಉದಾರಿಯಲ್ಲ. ಅವನು ಉತ್ತರವನ್ನೇ ಓದಿಲ್ಲವೆಂದು ಅರ್ಥ. ಆ ಸಂಜೆ ಕೆಲವರು ನಿಜವಾಗಿಯೂ ಚೆನ್ನಾಗಿ ಹಾಡಿದರು, ಕೆಲವರು ಸಾಧಾರಣವಾಗಿ ಹಾಡಿದರು, ಇನ್ನು ಕೆಲವರು ಸೊಗಸಾಗಿ ಹಾಡಿಯೂ ಹಾಡನ್ನು ಕೆಡಿಸಿದರು. ಈ ಮೂರನೆಯ ಬಗೆಯೇ ನನ್ನನ್ನು ಈ ಲೇಖನ ಬರೆಯುವಂತೆ ಮಾಡಿದ್ದು. ಸೊಗಸಾಗಿ ಹಾಡಿ ಹಾಡನ್ನು ಕೆಡಿಸುವುದು ಹೇಗೆ ಸಾಧ್ಯವೆಂದು ನೀವು ಕೇಳಬಹುದು. ರಂಗಗೀತೆಯ ಮಟ್ಟಿಗೆ ಅದು ಖಂಡಿತ ಸಾಧ್ಯ.

ರಂಗಗೀತೆಯನ್ನು ಹಾಡುವವನು ಗಾಯಕನಲ್ಲ, ಪಾತ್ರ. ದೇವರನಾಮ ಹಾಡುವಾಗ ಗಾಯಕ ತನ್ನ ಪರವಾಗಿ ದೇವರನ್ನು ಕರೆಯಬಹುದು. ಭಾವಗೀತೆ ಹಾಡುವಾಗ ಕವಿಯ ಭಾವವನ್ನು ತನ್ನದಾಗಿಸಿಕೊಳ್ಳಬಹುದು. ರಂಗಗೀತೆಯಲ್ಲಾದರೋ ಸ್ಮಶಾನದಲ್ಲಿ ನಿಂತ ಹರಿಶ್ಚಂದ್ರನೊಬ್ಬ ಇರುತ್ತಾನೆ, ಅವನ ಎದುರಿಗೆ ಚಂದ್ರಮತಿ ಇರುತ್ತಾಳೆ, ಇಬ್ಬರ ನಡುವೆ ಮಗನ ಹೆಣವಿರುತ್ತದೆ. ಮಾತು ಇನ್ನು ಮುಂದಕ್ಕೆ ಹೋಗಲಾರದೆಂಬ ಹಂತಕ್ಕೆ ಬಂದಾಗ ಹಾಡು ಹುಟ್ಟುತ್ತದೆ. ಯಾರು, ಯಾರಿಗೆ, ಯಾವ ಗಳಿಗೆಯಲ್ಲಿ ಹಾಡುತ್ತಿದ್ದಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ ರಾಗ, ತಾಳ, ಶ್ರುತಿಗಳು ಎಷ್ಟೇ ಶುದ್ಧವಾಗಿರಲಿ, ಅದು ರಂಗಗೀತೆಯಾಗದು. ಆ ಸಂಜೆಯ ಗಾಯನವನ್ನು ನಾನು ಅಳೆದದ್ದು ಈ ಮೂರು ಪ್ರಶ್ನೆಗಳಿಂದ.

ಈ ಅಳತೆ ನನ್ನ ಕಲ್ಪನೆಯದಲ್ಲ. ಕಂಪನಿ ನಾಟಕಗಳ ಸಂಗೀತ ಬೆಳೆದು ಬಂದ ರೀತಿಯೇ ಹಾಗೆ. ಮೈಸೂರಿನಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ರೂಪುಗೊಂಡು, ಬಸವಪ್ಪ ಶಾಸ್ತ್ರಿಗಳ 'ಶಾಕುಂತಲ' ರಂಗವೇರಿದ ಕಾಲವದು. ಗುಬ್ಬಿಯಲ್ಲಿ 1884ರಲ್ಲಿ ಚನ್ನಬಸವೇಶ್ವರ ನಾಟಕ ಸಂಘ ಹುಟ್ಟಿತು. ಉತ್ತರದಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಆಡಿಸಿದ ಮರಾಠಿ 'ಸಂಗೀತ ಶಾಕುಂತಲ'ದ ಪ್ರಭಾವ ನಮ್ಮ ಕಡೆಗೂ ಹರಿಯಿತು. ಪಾರ್ಸಿ ಕಂಪನಿಗಳ ಮಟ್ಟುಗಳು, ಕರ್ನಾಟಕ ಸಂಗೀತದ ಕೀರ್ತನೆ ಜಾವಳಿಗಳು, ಹಿಂದೂಸ್ತಾನಿ ಚೀಜುಗಳು ಎಲ್ಲವೂ ನಮ್ಮ ನಾಟಕಕಾರರ ಕೈಗೆ ಸಿಕ್ಕವು. ಹಳೆಯ ನಾಟಕದ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ ಅದನ್ನು ಯಾವ ಮಟ್ಟಿನಲ್ಲಿ ಹಾಡಬೇಕೆಂದು ಅಚ್ಚು ಹಾಕಿರುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಎಂದರೆ ಮಟ್ಟು ಎರವಲು. ಸ್ವಂತದ್ದೆಂದರೆ ಸನ್ನಿವೇಶ ಮತ್ತು ಮಾತು. ಎರವಲು ತಂದ ಮಟ್ಟು ಪಾತ್ರದ ಬಾಯಿಗೆ ಬಂದಾಗ ಮಾತ್ರ ನಮ್ಮದಾಯಿತು. ಪಾತ್ರವನ್ನು ಕಿತ್ತುಹಾಕಿದರೆ ಉಳಿಯುವುದು ಮತ್ತೆ ಆ ಎರವಲು ಮಟ್ಟೇ.

ಇನ್ನು ಆ ಸಂಜೆಯ ವಿಚಾರ. ಕಲಾವಿದರ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಅವರಲ್ಲಿ ಹೆಚ್ಚಿನವರು ಹಗಲು ಬೇರೆ ಉದ್ಯೋಗ ಮಾಡಿ, ಸಂಜೆ ಕಲೆಗಾಗಿ ದುಡಿಯುವವರು. ನನ್ನ ಮಾತು ಅವರ ಹಾಡಿನ ಕುರಿತೇ ಹೊರತು ಅವರ ಕುರಿತಲ್ಲ.

ಮೊದಲು ಬಂದ ಯುವಕ ಶಾಸ್ತ್ರೀಯ ಸಂಗೀತದಲ್ಲಿ ಪಳಗಿದವನು. ನಾನು ಮೇಲೆ ಹೇಳಿದ ಹರಿಶ್ಚಂದ್ರನ ರುದ್ರಭೂಮಿಯ ಹಾಡನ್ನೇ ಆತ ಎತ್ತಿಕೊಂಡ. ಕಂಠ ಬಂಗಾರದಂಥದು. ತಾರಸ್ಥಾಯಿಯಲ್ಲಿ ನಿಂತರೆ ಸ್ವರ ಕದಲುವುದಿಲ್ಲ. ಎರಡನೆಯ ಚರಣಕ್ಕೆ ಬರುವ ಹೊತ್ತಿಗೆ ಆತ ತಾನುಗಳನ್ನು ಒಂದರ ಮೇಲೊಂದು ಎಸೆಯತೊಡಗಿದ. ತಬಲದವನೂ ಹುರುಪುಗೊಂಡ. ಇಬ್ಬರೂ ಸಮಕ್ಕೆ ಬಂದು ಸೇರಿದಾಗ ಸಭೆ ಚಪ್ಪಾಳೆಯಿಂದ ತುಂಬಿತು, ಹಾಡುವವನು ಮುಗುಳ್ನಕ್ಕ. ಮಗನ ಹೆಣದ ಮುಂದೆ ನಿಂತ ತಂದೆ ನಕ್ಕನಲ್ಲಾ ಎಂದು ನನಗೆ ಪಿಚ್ಚೆನಿಸಿತು. ಸ್ವರಕ್ಕೆ ನೂರಕ್ಕೆ ತೊಂಬತ್ತು ಕೊಡುತ್ತೇನೆ, ರಂಗಗೀತೆಗೆ ಮೂವತ್ತು.

ಹಾಗೆಂದು ಹಳೆಯ ಕಾಲದಲ್ಲಿ ಹೀಗೆ ನಡೆಯುತ್ತಿರಲಿಲ್ಲವೆಂದು ನಾನು ಹೇಳಲಾರೆ. 'ಒನ್ಸ್ ಮೋರ್' ಕೂಗಿಗೆ ಸೋತು, ರಂಗದ ಮೇಲೆ ಸತ್ತುಬಿದ್ದ ಪಾತ್ರ ಎದ್ದು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸತ್ತ ಕತೆಗಳನ್ನು ಕಂಪನಿ ಕಲಾವಿದರೇ ನಗುತ್ತ ಹೇಳುತ್ತಿದ್ದರು. ಹಳೆಯದೆಲ್ಲ ಹೊನ್ನಲ್ಲ. ಆದರೆ ಒಂದು ವ್ಯತ್ಯಾಸವಿದೆ. ಅಂದಿನ ನಟ ಮೂರು ಗಂಟೆ ಪಾತ್ರವಾಗಿದ್ದು, ಐದು ನಿಮಿಷ ಅದರಿಂದ ಹೊರಗೆ ಬಂದು ಮೆರೆದು, ಮತ್ತೆ ಪಾತ್ರದೊಳಗೆ ಹೋಗುತ್ತಿದ್ದ. ಇಂದಿನ ಗಾಯಕನಿಗೆ ಸಿಗುವುದು ಆ ಐದೇ ನಿಮಿಷ. ಅದರಲ್ಲೂ ಪಾತ್ರದಿಂದ ಹೊರಗೇ ಉಳಿದರೆ ಒಳಹೊಕ್ಕುವುದು ಯಾವಾಗ?

ಎರಡನೆಯದಾಗಿ ನನ್ನ ಮನಸ್ಸಿನಲ್ಲಿ ನಿಂತವರು ಹಳ್ಳಿಯೊಂದರಿಂದ ಬಂದ ನಡುವಯಸ್ಸಿನ ರೈತರು. ತುಮಕೂರು, ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಇಂದಿಗೂ 'ಕುರುಕ್ಷೇತ್ರ' ನಾಟಕ ಆಡುತ್ತಾರೆ. ತಮ್ಮ ಜೇಬಿನಿಂದ ಹಣ ಕೊಟ್ಟು ಪಾತ್ರ ಹಿಡಿದು, ಹಾರ್ಮೋನಿಯಂ ಮೇಷ್ಟ್ರ ಬಳಿ ತಿಂಗಳುಗಟ್ಟಲೆ ಕಲಿತು, ಒಂದೇ ಒಂದು ರಾತ್ರಿಗಾಗಿ ದುರ್ಯೋಧನನೋ ಭೀಮನೋ ಆಗುವ ಆ ಜನರ ಪೈಕಿ ಇವರೊಬ್ಬರು. ಸಂಧಾನಕ್ಕೆ ಬಂದ ಕೃಷ್ಣನನ್ನು ಎದುರಿಸುವ ದುರ್ಯೋಧನನ ಪಾತ್ರವನ್ನು ಇವರು ಆರಿಸಿಕೊಂಡಿದ್ದರು. ಎಲ್ಲರೂ ನೇರವಾಗಿ ಹಾಡಿಗೆ ಇಳಿದರೆ ಇವರು ಮೊದಲು ಕಂದಪದ್ಯವನ್ನು ಎತ್ತಿಕೊಂಡರು. ಪದ್ಯಕ್ಕೆ ತಾಳವಿಲ್ಲ. ಮಾತಿನ ಬಿಸಿಯನ್ನು ರಾಗದಲ್ಲಿ ಹಿಡಿದು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಕೊನೆಗೆ ಹಾರ್ಮೋನಿಯಂ ಸ್ವರದೊಳಗೆ ತನ್ನ ಸ್ವರವನ್ನು ಕರಗಿಸಬೇಕು. ಮಾತಿನಿಂದ ಹಾಡಿಗೆ ಹೋಗುವ ಸೇತುವೆ ಪದ್ಯ. ಅದನ್ನು ತೆಗೆದುಹಾಕಿದ್ದರಿಂದಲೇ ಉಳಿದವರ ಹಾಡುಗಳು ಎಲ್ಲಿಂದಲೋ ಉದುರಿದಂತೆ ಕೇಳಿಸುತ್ತಿದ್ದವು. ಇವರ ಉಚ್ಚಾರಣೆಯಲ್ಲಿ ಹಕಾರ ಬಿದ್ದುಹೋಗುತ್ತಿತ್ತು, ಒಂದೆರಡು ಕಡೆ ಶ್ರುತಿಯೂ ಜಾರಿತು. ಸ್ವಲ್ಪ ಹೆಚ್ಚೇ ಎಳೆದರು ಎಂಬ ಆಕ್ಷೇಪವೂ ನನಗಿದೆ. ಆದರೂ ಎದುರಿನ ಖಾಲಿ ಜಾಗದಲ್ಲಿ ಕೃಷ್ಣನೊಬ್ಬ ನಿಂತಿದ್ದಾನೆಂದು ಸಭೆಗೆ ತೋರಿಸಿಕೊಟ್ಟರು. ಅವರಿಗೆ ಎಪ್ಪತ್ತೈದು.

ಆಮೇಲೆ ಬಂದವರು ಕಂಪನಿಗಳಲ್ಲಿ ಬದುಕು ಸವೆಸಿದ ಹಿರಿಯ ಅಭಿನೇತ್ರಿಯೊಬ್ಬರು. ಅವರನ್ನು ಕಂಡೊಡನೆ ಸಭೆ ಎದ್ದು ನಿಂತಿತು, ನಾನೂ ನಿಂತೆ. ಆ ಗೌರವ ಅವರಿಗೆ ಸಲ್ಲಲೇಬೇಕು. ನಾಟಕದ ಹೆಂಗಸೆಂದು ಊರು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಈ ತಾಯಂದಿರು ರಂಗಭೂಮಿಯನ್ನು ಹೊತ್ತರು. ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಕಂಸ ರಾವಣರಂಥ ಪಾತ್ರಗಳನ್ನು ತಾವೇ ಧರಿಸಿ ಗೆದ್ದವರು. 2012ರಲ್ಲಿ, ಅವರು ತೀರಿಕೊಂಡ ವರ್ಷವೇ, ಪದ್ಮಶ್ರೀ ಬಂದಿತು. ಆದರೆ ಗೌರವ ಬೇರೆ, ತೀರ್ಮಾನ ಬೇರೆ. ನಮ್ಮ ಈ ಹಿರಿಯರು ಎರಡು ಹಾಡು ಹಾಡಿದರು. ಮೊದಲನೆಯದು ತಾಯಿಯೊಬ್ಬಳು ಮಗನನ್ನು ಎಚ್ಚರಿಸುವ ಹಾಡು. ಮಧ್ಯಮ ಸ್ಥಾಯಿಯಲ್ಲೇ ಇದ್ದು, ಅರ್ಧ ಮಾತಾಡಿ ಅರ್ಧ ಹಾಡಿ, ಪ್ರತಿ ಶಬ್ದವನ್ನೂ ಕೈಯಲ್ಲಿ ಹಿಡಿದು ಕೊಟ್ಟಂತೆ ಹಾಡಿದರು. ಎರಡನೆಯದು ಹದಿನಾರರ ನಾಯಕಿಯ ಶೃಂಗಾರ ಗೀತೆ. ಹಿಂದಿನಂತೆ ನಾಲ್ಕು ಮನೆ ಶ್ರುತಿಯಲ್ಲಿ ಹಾಡಬೇಕೆಂದು ಸಂಘಟಕರು ಒತ್ತಾಯಿಸಿದರಂತೆ. ಕಂಠ ಒಡೆಯಿತು, ಉಸಿರು ಸಾಲಲಿಲ್ಲ. ಸಭೆ ಮೊದಲನೆಯದಕ್ಕಿಂತ ಎರಡನೆಯದಕ್ಕೇ ಹೆಚ್ಚು ಚಪ್ಪಾಳೆ ತಟ್ಟಿತು. ಅದು ಕಲೆಗೆ ಬಿದ್ದ ಚಪ್ಪಾಳೆಯಲ್ಲ, ಕನಿಕರಕ್ಕೆ ಬಿದ್ದದ್ದು. ಇದರಿಂದ ನಷ್ಟವಾದದ್ದು ಆ ತಾಯಿಗೇ. ಅಪ್ಪಟವಾಗಿ ಹಾಡಿದ ಮೊದಲನೆಯ ಹಾಡನ್ನು ಯಾರೂ ಗುರುತಿಸಲಿಲ್ಲ. ಹಿರಿಯ ಕಲಾವಿದರನ್ನು ಕರೆಸುವವರು ಅವರ ಇಂದಿನ ಕಂಠಕ್ಕೆ ಒಪ್ಪುವ ಹಾಡನ್ನು ಕೊಡಬೇಕು. ನಮ್ಮ ನೆನಪಿನ ಚಪಲಕ್ಕಾಗಿ ಅವರನ್ನು ಏದುಸಿರು ಬಿಡಿಸಬಾರದು.

ಆ ಸಂಜೆಯ ಅತ್ಯುತ್ತಮ ಗಾಯನ ಯಾರದೆಂದರೆ, ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿಯದು. ಆಕೆ 'ಸದಾರಮೆ' ನಾಟಕದಲ್ಲಿ ಕಳ್ಳನಿಗೂ ಸದಾರಮೆಗೂ ನಡೆಯುವ ಪ್ರಸಂಗವನ್ನು ಆರಿಸಿಕೊಂಡಿದ್ದಳು. ಗುಬ್ಬಿ ಕಂಪನಿಗೆ ಬೆಳ್ಳಾವೆ ನರಹರಿಶಾಸ್ತ್ರಿಗಳು ಬರೆದುಕೊಟ್ಟ ನಾಟಕವದು. ಗುಬ್ಬಿ ವೀರಣ್ಣನವರು ಕಳ್ಳನ ಪಾತ್ರದಿಂದ ನಾಡಿಗೆಲ್ಲ ನಗೆ ಹಂಚಿದರು. ಈ ಹುಡುಗಿಯ ಕಂಠ ಆ ಯುವಕನ ಕಂಠದ ಹತ್ತಿರಕ್ಕೂ ಬರದು. ಆದರೆ ಹಾಡಿಗೆ ಮುಂಚೆ ಎರಡೇ ಎರಡು ಮಾತಿನ ಸಂಭಾಷಣೆ ಹೇಳಿದಳು. ಕಳ್ಳನಾಗಿ ಹಾರ್ಮೋನಿಯಂ ಮೇಷ್ಟ್ರೇ ಕುಳಿತಲ್ಲಿಂದ ಉತ್ತರ ಕೊಟ್ಟರು. ಹೆದರಿಕೆ ಒಳಗೆ, ಜಾಣತನ ಹೊರಗೆ. ಕಳ್ಳನನ್ನು ಮರುಳು ಮಾಡುವಾಗ ದನಿಯಲ್ಲಿ ಬೆಣ್ಣೆ, ಸಭೆಯ ಕಡೆ ತಿರುಗಿದಾಗ ಅದೇ ಸಾಲಿನಲ್ಲಿ ನಡುಕ. ಒಂದೇ ಸಾಲನ್ನು ಎರಡು ಸಲ ಹಾಡಿದರೆ ಎರಡು ಅರ್ಥ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕರು. ನಾಟಕವನ್ನೇ ನೋಡದ ಮಕ್ಕಳಿಗೂ ಕತೆ ತಿಳಿಯಿತು. ಕಾರ್ಯಕ್ರಮದ ನಂತರ ವಿಚಾರಿಸಿದಾಗ, ಆಕೆ ಧ್ವನಿಮುದ್ರಣ ಕೇಳಿ ಕಲಿತದ್ದಲ್ಲ, ಮೇಷ್ಟ್ರನ್ನು ಕಾಡಿ ಬೇಡಿ ಹಾಡಿನ ಹಿಂದುಮುಂದಿನ ದೃಶ್ಯಗಳನ್ನೆಲ್ಲ ಕೇಳಿ ತಿಳಿದುಕೊಂಡದ್ದು ಎಂದು ಗೊತ್ತಾಯಿತು. ಅವಳಿಗೆ ತೊಂಬತ್ತು. ಉಳಿದ ಹತ್ತು ಅಂಕ, ಮುಂದೆ ಕಂಠಸಾಧನೆ ಮಾಡಲಿ ಎಂದು ಹಿಡಿದಿಟ್ಟಿದ್ದೇನೆ.

ಆ ಹಾರ್ಮೋನಿಯಂ ಮೇಷ್ಟ್ರ ಬಗ್ಗೆಯೂ ಒಂದು ಮಾತು. ಕಾಲಿನಿಂದ ತಿದಿ ತುಳಿದು ಎರಡೂ ಕೈಗಳಿಂದ ನುಡಿಸುವ ಕಾಲು ಹಾರ್ಮೋನಿಯಂ ಕಂಪನಿ ನಾಟಕದ ಜೀವನಾಡಿ. ನಟ ಎಲ್ಲಿ ಉಸಿರು ತೆಗೆಯುತ್ತಾನೆ, ಎಲ್ಲಿ ಮಾತು ಮರೆಯುತ್ತಾನೆ, ಎಲ್ಲಿ ಹಾರುತ್ತಾನೆ ಎಂಬುದೆಲ್ಲ ಮೇಷ್ಟ್ರಿಗೆ ಗೊತ್ತಿರಬೇಕು. ಕಣ್ಣು ನಟನ ಮೇಲೆ, ಬೆರಳು ಮನೆಗಳ ಮೇಲೆ. ಗಮಕಕ್ಕೆ ಒಗ್ಗದ ವಿದೇಶಿ ವಾದ್ಯವೆಂದು ಆಕಾಶವಾಣಿ 1940ರಿಂದ 1971ರವರೆಗೆ ಇದನ್ನು ದೂರವಿಟ್ಟಿತ್ತು. ಆ ಮೂರು ದಶಕವೂ ಅದಕ್ಕೆ ಅನ್ನ ಹಾಕಿದ್ದು ನಾಟಕ ಮತ್ತು ಭಜನೆ. ಇಂಥ ವಾದ್ಯವನ್ನೂ ವಾದಕರನ್ನೂ ಆ ಸಂಜೆ ವೇದಿಕೆಯ ಮೂಲೆಯಲ್ಲಿ, ಹೂಕುಂಡದ ಹಿಂದೆ ಕೂರಿಸಿದ್ದರು. ಮುಂದೆ ಕೀಬೋರ್ಡು, ರಿದಂ ಪ್ಯಾಡು. ಹಾಡುಗಾರರಿಗೆ ಮೇಷ್ಟ್ರ ಮುಖ ಕಾಣಿಸುತ್ತಿರಲಿಲ್ಲ. ಅರ್ಧ ತಪ್ಪುಗಳು ಅಲ್ಲೇ ಹುಟ್ಟಿದವು. ಕುಣಿಯಲಾರದವಳು ನೆಲ ಡೊಂಕೆಂದಳು ಎಂದು ಗಾದೆಯಿದೆಯಾದರೂ, ಅಂದು ನೆಲವೂ ಒಂದಿಷ್ಟು ಡೊಂಕಾಗಿಯೇ ಇತ್ತು.

ಉತ್ತರಾರ್ಧವನ್ನು ಬಿ. ವಿ. ಕಾರಂತರ ರಂಗಸಂಗೀತಕ್ಕೆ ಮೀಸಲಿಟ್ಟಿದ್ದರು. ಬಾಲ್ಯದಲ್ಲಿ ಗುಬ್ಬಿ ಕಂಪನಿ ಸೇರಿ, ಮುಂದೆ ಕಾಶಿಯಲ್ಲಿ ಸಂಗೀತ ಕಲಿತು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾಗಿ, 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದ ಕಾರಂತರಿಗೆ (1929–2002) ಸಂಗೀತವೆಂದರೆ ನಾಟಕದ ಮೇಲೆ ಹಚ್ಚುವ ಬಣ್ಣವಲ್ಲ, ನಾಟಕದ ಮೂಳೆಯೇ ಆಗಿತ್ತು. ಅವರ ಹಾಡುಗಳನ್ನು ಒಬ್ಬ ನಾಯಕ ಹಾಡುವುದಕ್ಕಿಂತ ಮೇಳ ಹಾಡುವುದೇ ಹೆಚ್ಚು. ಒಂಬತ್ತು ಮಂದಿ ಯುವಕ ಯುವತಿಯರು ಸಾಲಾಗಿ ನಿಂತು ಪ್ರಾರ್ಥನೆಗೆ ನಿಂತವರಂತೆ ಹಾಡಿದರು. ಕಂಬಾರರ 'ಜೋಕುಮಾರಸ್ವಾಮಿ'ಯ ಹಾಡಿಗೆ ಬಂದಾಗ ಮಾತ್ರ ಒಬ್ಬನ ಕಾಲು ತಾನಾಗಿ ಹೆಜ್ಜೆ ಹಾಕಿತು, ಉಳಿದವರೂ ಅಲುಗಾಡಿದರು. ಹಾಡಿಗೆ ಆಗ ಜೀವ ಬಂತು.

ನನಗೆ ಬಹಳ ವ್ಯಥೆಯಾದದ್ದು 'ಸತ್ತವರ ನೆರಳು' ನಾಟಕದ ಹಾಡಿನಲ್ಲಿ. ಧಾರವಾಡದ ಮನೋಹರ ಗ್ರಂಥಮಾಲೆಯನ್ನು ಕಟ್ಟಿದ ಜಿ. ಬಿ. ಜೋಶಿಯವರು, ಅಂದರೆ ನಮ್ಮ 'ಜಡಭರತ'ರು ಬರೆದ ಈ ನಾಟಕ ಮಠವೊಂದರ ಒಳಗಿನ ಕಪಟವನ್ನು ಬಯಲಿಗೆಳೆಯುತ್ತದೆ. ಕಾರಂತರು ಅದಕ್ಕೆ ಪುರಂದರದಾಸರ ಪದಗಳನ್ನೇ ಅಳವಡಿಸಿದರು. ಧರ್ಮದ ಹೆಸರಿನಲ್ಲಿ ವಂಚನೆ ನಡೆಯುವಾಗ ದಾಸರ ಪದ ಕೇಳಿಸಿದರೆ ಅದು ಭಕ್ತಿಯಾಗಿ ಉಳಿಯುವುದಿಲ್ಲ, ಚಾಟಿಯಾಗುತ್ತದೆ. ದಾಸರು ಅದನ್ನು ಬರೆದದ್ದೂ ಇಂಥವರಿಗಾಗಿಯೇ ಅಲ್ಲವೇ ಎಂದು ಪ್ರೇಕ್ಷಕ ಬೆಚ್ಚಿಬೀಳುತ್ತಾನೆ. ಆ ಸಂಜೆ ಅದೇ ಪದವನ್ನು, ಅದೇ ಧಾಟಿಯಲ್ಲಿ, ಕಣ್ಣು ಮುಚ್ಚಿ ಕೈ ಮುಗಿದು ಹಾಡಿದರು. ಸಭೆ ತಾಳ ಹಾಕಿ ಭಜನೆ ಮಾಡಿತು. ನನ್ನ ಪಕ್ಕದವರು ಭಕ್ತಿಯಿಂದ ಕಣ್ಣೊರೆಸಿಕೊಂಡರು. ಹಾಡಿದವರಲ್ಲಿ ಒಬ್ಬರಿಗಾದರೂ ಆ ನಾಟಕದ ಕತೆ ಗೊತ್ತಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಒಂದಕ್ಷರ ಬದಲಾಗದೆಯೂ ಹಾಡಿನ ಅರ್ಥ ತಲೆಕೆಳಗಾಯಿತು. ಪಾತ್ರವನ್ನೂ ಸನ್ನಿವೇಶವನ್ನೂ ಬಿಟ್ಟು ರಂಗಗೀತೆ ಹಾಡಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಹಾಡುಗಳು ನಾಟಕದಿಂದ ಹೊರಗೆ ಬರಲೇಬಾರದೇ ಎಂದು ನೀವು ಕೇಳುವಿರಿ. ಬರಬಾರದೆಂದು ನಾನು ಹೇಳುವುದಿಲ್ಲ. ಅವು ಬಂದು ಬಹಳ ಕಾಲವಾಯಿತು. ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದ ಮೂರು ಚಿಲ್ಲರೆ ನಿಮಿಷಗಳಲ್ಲೇ ಕಂಪನಿ ನಟರ ಹಾಡುಗಳು ಮನೆಮನೆಗೆ ಹೋದವು. ಮರಾಠಿಯವರು ನಾಟ್ಯಸಂಗೀತವನ್ನು ಕಚೇರಿಯ ಸಂಗೀತವಾಗಿಯೇ ಬೆಳೆಸಿದರು. ಆದರೆ ಅಲ್ಲಿ ಮಟ್ಟು ಹಾಕಿದವರಲ್ಲಿ ಭಾಸ್ಕರಬುವಾ ಬಖಲೆಯವರಂಥ ಘನ ಗಾಯಕರಿದ್ದರು. ಆ ಹಾಡುಗಳ ರಾಗವಿಸ್ತಾರ ತನ್ನಷ್ಟಕ್ಕೇ ನಿಲ್ಲಬಲ್ಲದು. ನಮ್ಮ ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಇಬ್ಬರೂ ಹುಡುಗರಾಗಿದ್ದಾಗ ನಾಟಕ ಕಂಪನಿಯ ನೆರಳಿನಲ್ಲಿ ಇದ್ದವರೇ. ಅವರು ನಾಟ್ಯಗೀತೆ ಹಾಡಿದರೆ ಅದಕ್ಕೊಂದು ಬೇರೆಯ ಘನತೆ. ನಮ್ಮ ಕನ್ನಡ ಕಂಪನಿಗಳ ಹಾಡುಗಳ ಪೈಕಿ ಹೆಚ್ಚಿನವು ಆ ಜಾತಿಯವಲ್ಲ. ಅವುಗಳ ಬಲವಿರುವುದು ಮಾತಿನಲ್ಲಿ, ತಮಾಷೆಯಲ್ಲಿ, ಜಗಳದಲ್ಲಿ, ಅಳುವಿನಲ್ಲಿ. ಅವುಗಳನ್ನು ಬರಿಯ ಸಂಗೀತವೆಂದು ಹಾಡಿದರೆ, ನಿಜವಾದ ಶಾಸ್ತ್ರೀಯ ಸಂಗೀತದ ಪಕ್ಕದಲ್ಲಿ ಎರಡನೆಯ ದರ್ಜೆಯದಾಗಿ ಕೇಳಿಸುತ್ತವೆ. ಇಂದಿನ ಮಕ್ಕಳು ಕೇಳಿ, ಇದರಲ್ಲೇನಿದೆ ಎಂದು ಎದ್ದುಹೋಗುತ್ತಾರೆ. ತಪ್ಪು ಮಕ್ಕಳದಲ್ಲ. ನನಗಿರುವ ಆತಂಕ ಇದೇ. ಹಾಡುಗಳನ್ನು ಉಳಿಸುತ್ತೇವೆಂದು ಹೊರಟ ಕಾರ್ಯಕ್ರಮಗಳೇ ಅವುಗಳನ್ನು ಬೇಸರದ ವಸ್ತುವನ್ನಾಗಿ ಮಾಡಿಬಿಡಬಹುದು.

ದೂರುವುದಷ್ಟೇ ಮೇಷ್ಟ್ರ ಕೆಲಸವಲ್ಲವಾದ್ದರಿಂದ ಕೆಲವು ಸಲಹೆಗಳನ್ನು ಹೇಳುತ್ತೇನೆ. ಯಾವುದಕ್ಕೂ ಹಣ ಬೇಕಿಲ್ಲ. ಹದಿನಾರು ಹಾಡಿನ ಬದಲು ಎಂಟು ಹಾಡುಗಳಿರಲಿ. ಪ್ರತಿಯೊಂದರ ಜೊತೆಗೂ ಅದರ ಪದ್ಯ, ಹಿಂದಿನ ನಾಲ್ಕು ಮಾತು ಇರಲಿ. ನಿರೂಪಕರು ಕಲಾವಿದರ ಪ್ರಶಸ್ತಿಗಳ ಪಟ್ಟಿ ಓದುವ ಬದಲು ಹಾಡು ಯಾವ ನಾಟಕದ್ದು, ಯಾರು ಯಾರಿಗೆ ಹಾಡುವುದು ಎಂದು ಎರಡು ವಾಕ್ಯದಲ್ಲಿ ಹೇಳಲಿ. ಹಾರ್ಮೋನಿಯಂ ಮೇಷ್ಟ್ರನ್ನು ಹಾಡುವವರಿಗೆ ಕಾಣುವಂತೆ ಕೂರಿಸಲಿ. ಶಾಲು, ಪೇಟ, ಹಣ್ಣಿನ ಬುಟ್ಟಿಗಳ ಸನ್ಮಾನ ಅಂದು ಒಂದು ಗಂಟೆಯನ್ನು ನುಂಗಿತು. ಅದನ್ನು ಹತ್ತು ನಿಮಿಷಕ್ಕೆ ಇಳಿಸಲಿ. ರಂಗಗೀತೆ ಕಲಿಯುವ ಮಕ್ಕಳನ್ನು ಬನಶಂಕರಿ ಜಾತ್ರೆಗೋ, ಹಳ್ಳಿಯ ಒಂದು ಪೌರಾಣಿಕ ನಾಟಕಕ್ಕೋ ಕರೆದುಕೊಂಡು ಹೋಗಿ ಇಡೀ ರಾತ್ರಿ ಕೂರಿಸಲಿ. ಹಾಡು ಎಲ್ಲಿ ಹುಟ್ಟುತ್ತದೆಂಬುದನ್ನು ಒಮ್ಮೆ ಕಂಡವರು ಅದನ್ನು ಮರೆಯುವುದಿಲ್ಲ.

ಪ್ರೇಕ್ಷಕರಾದ ನಮ್ಮ ಪಾಲಿನ ಕೆಲಸವೂ ಇದೆ. ಹಿಂದಿನ ಕಂಪನಿಗಳಿಗೆ ಟಿಕೆಟ್ಟು ಕೊಂಡು ಬಂದ ಜನರೇ ಪರೀಕ್ಷಕರಾಗಿದ್ದರು. ಹಾಡು ಹಿಡಿಸಿದರೆ 'ಒನ್ಸ್ ಮೋರ್' ಅನ್ನುತ್ತಿದ್ದರು, ಹಿಡಿಸದಿದ್ದರೆ ಕೂಗಿ ಒಳಗೆ ಕಳಿಸುತ್ತಿದ್ದರು. ಆ ಒರಟುತನ ನಮಗೆ ಬೇಡ. ಆದರೆ ಎಲ್ಲದಕ್ಕೂ ಒಂದೇ ಸಮನೆ ಚಪ್ಪಾಳೆ ತಟ್ಟುವ ಇಂದಿನ ಸೌಜನ್ಯದಿಂದ ಯಾವ ಕಲಾವಿದನೂ ಏನನ್ನೂ ಕಲಿಯಲಾರ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ತಮ್ಮ ತಮ್ಮ ಊರುಗಳ ಕನ್ನಡ ಸಂಘಗಳಲ್ಲಿ ಇಂಥ ಸಂಜೆಗಳನ್ನು ಏರ್ಪಡಿಸುತ್ತಿದ್ದೀರಿ. ನಮ್ಮ ಬಂಧುಗಳಲ್ಲೂ ಇಬ್ಬರು ಮೂವರು ಹಾಡುತ್ತೀರಿ. ಮುಂದಿನ ಸಲ ಹಾಡು ಮುಗಿದಾಗ ಹಾಡಿದವರ ಬಳಿ ಹೋಗಿ, ನೀವು ಯಾರಾಗಿ ಹಾಡಿದಿರಿ ಎಂದು ಮೆಲ್ಲಗೆ ಕೇಳಿ ನೋಡಿ. ಆ ಸದಾರಮೆಯ ಹುಡುಗಿಯಾದರೆ ಕತೆಯನ್ನೆಲ್ಲ ಹೇಳಿ ನಿಮ್ಮನ್ನು ನಿಲ್ಲಿಸಿಕೊಂಡಾಳು. ಬಂಗಾರದ ಕಂಠದ ಆ ಯುವಕನನ್ನೂ ಈ ಪ್ರಶ್ನೆ ಒಂದು ರಾತ್ರಿ ಕಾಡಿದರೆ, ಮುಂದಿನ ವರ್ಷ ಅವನ ಹರಿಶ್ಚಂದ್ರನನ್ನು ಕೇಳಲು ನಾನು ಮೊದಲ ಸಾಲಿನಲ್ಲೇ ಕುಳಿತಿರುತ್ತೇನೆ.